ತಂಗಿಯ ಪಾಲಿನ ನಿದ್ದೆ

ಓದುವವರ ಪಾಲಿನ ನಿದ್ದೆಯನ್ನು ಮನೆಯಲ್ಲಿ ಇನ್ನೊಬ್ಬರು ಮಲಗಿ ತೀರಿಸುವುದು ಗದಗದಲ್ಲಿ ಹೊಸದೇನಲ್ಲ. ಫೈನಾನ್ಸ್‌ನಲ್ಲಿ ಎಂ.ಬಿ.ಎ. ಮಾಡುತ್ತಿದ್ದ ಶಾಂಭವಿಯ ನಿದ್ದೆಯನ್ನು ಎರಡು ವರ್ಷದಿಂದ ಅಕ್ಕ ಗಿರಿಜಾ ಮಾಡುತ್ತಿದ್ದಳು. ತಂಗಿ ರೆಪ್ಪೆ ಮುಚ್ಚದೆ ಓದಿದಳು. ಅಕ್ಕ ದಿನಕ್ಕೆ ಒಂದು ಹೊತ್ತು ಎದ್ದು, ಉಂಡು, ಮತ್ತೆ ಮಲಗಿದಳು. ಆಗ ತೊಟ್ಟಿಲಲ್ಲಿದ್ದ ಅಕ್ಕನ ಮಗಳು ಪಾರು, ಶಾಂಭವಿಯ ತೊಡೆಯ ಮೇಲೆ ಪುಸ್ತಕಗಳ ಜೊತೆಗೇ ಬೆಳೆದು, ಈಗ ಮನೆ ತುಂಬ ಓಡಾಡುತ್ತಿದ್ದಳು.

ಕೊನೆಯ ಪರೀಕ್ಷೆ ಬರೆದು ಬಂದ ಮಧ್ಯಾಹ್ನ ಶಾಂಭವಿ ಅಕ್ಕನನ್ನು ಎಬ್ಬಿಸಿದಳು.

“ಮುಗೀತಕ್ಕಾ. ಇನ್ನ ನನ್ನ ನಿದ್ದಿ ನಾನ ಮಾಡ್ತೀನಿ.”

“ಹೌದಾ? ಏನ್ ಕಲತಿ ಹೇಳ, ಕೇಳೂಣು,” ಎಂದು ಗಿರಿಜಾ ಆಕಳಿಸಿದಳು.

“ಮುಂದ ಬರೂ ರೂಪಾಯಿಗಿಂತ ಇವತ್ತಿನ ರೂಪಾಯಿ ದೊಡ್ಡದು ಅಂತ.”

“ಇಷ್ಟ ಕಲಿಯಾಕ ನನ್ನ ಎರಡ ವರ್ಷ ಮಲಗಿಸಿದ್ಯಾ?” ಗಿರಿಜಾ ನಗುತ್ತಲೇ ಮಗಳತ್ತ ಕೈ ಚಾಚಿದಳು. “ಬಾ ನನ್ನವ್ವ, ಇನ್ನ ನಾ ಎದ್ದ ಇರ್ತೀನಿ.”

ಪಾರು ಶಾಂಭವಿಯ ಬೆನ್ನ ಹಿಂದೆ ಸರಿದಳು. “ಅವ್ವಾ,” ಎಂದು ಶಾಂಭವಿಯನ್ನೇ ಜಗ್ಗಿ ಪಿಸುಗುಟ್ಟಿದಳು, “ದೊಡ್ಡವ್ವಗ ಮತ್ತ ಮಲ್ಕೊ ಅಂತ ಹೇಳ.”

ಚಾಚಿದ ಕೈಯಿಂದಲೇ ಗಿರಿಜಾ ಹೊದ್ದಿದ್ದ ಕೌದಿ ಮಡಚತೊಡಗಿದಳು. ಶಾಂಭವಿಗೆ ಎರಡು ವರ್ಷದಲ್ಲಿ ಮೊದಲ ಸಲ ನಿದ್ದೆ ಎಳೆಯುತ್ತಿತ್ತು. ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ.