ಮೀನಿಗೆ ಹೆಪ್ಪು

ಸೊಸೆ ಸವಿತಾ ಸಂಜೆ ತವರಿನಿಂದ ಬರುವಷ್ಟರಲ್ಲಿ ಅಮೃತಮ್ಮ ಮೀನಿನ ಸಂಪನ್ನು ಕುದಿಯುವ ನೀರಿನಲ್ಲಿ ತೊಳೆದು, ಅಂಗಳದ ಬಿಸಿಲಿಗೆ ಒಣಹಾಕಿ, ಹೊಗಳಿಕೆಗಾಗಿ ಕಾಯುತ್ತ ಕೂತಿದ್ದಳು.

ಸಂಪೆಂದರೆ ನೆಲದೊಳಗಿನ ತೊಟ್ಟಿಯಲ್ಲ. ಗಾಜಿನ ಮೀನುತೊಟ್ಟಿಯ ಕೆಳಗೆ ಸವಿತಾ ಮೊಬೈಲು ನೋಡಿ ನೋಡಿ ತಾನೇ ಕಟ್ಟಿದ್ದ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ. ಮೇಲಿನ ಹೊಲಸು ನೀರು ಪೈಪಿನಲ್ಲಿ ಅದಕ್ಕಿಳಿದು, ಸ್ಪಂಜು ದಾಟಿ, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರು, ಒಡೆದ ಗಡಿಗೆಯ ಬೋಕಿ, ಸಿಕಂದರನ ಸೋಡಾ ಅಂಗಡಿಯಿಂದ ಆರಿಸಿ ತಂದ ಬಾಟಲಿ ಮುಚ್ಚಳಗಳ ಸಂದಿಯಲ್ಲಿ ಹಾಯ್ದು, ಕೊನೆಯ ಖಾನೆಯ ಮೋಟಾರಿನಿಂದ ಮತ್ತೆ ಮೇಲೇರುತ್ತಿತ್ತು. ಮೋಟಾರು ಮನೆಯ ಕೂಲರಿನದು. ಅದನ್ನು ಬಿಚ್ಚಿಕೊಂಡಂದಿನಿಂದ ಗಂಡ ಭೀಮು ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಸಂಪಿಲ್ಲದ ಕಾಲದಲ್ಲಿ ಎರಡು ಸಲ ಮೀನು ಸತ್ತಿದ್ದವು. ಇನ್ನೊಮ್ಮೆ ಸತ್ತರೆ ಮೋಟಾರು ಕೂಲರಿಗೆ, ತೊಟ್ಟಿಯ ತುಂಬ ಜೋಳ ಎಂದು ಅವನು ತೀರ್ಪು ಕೊಟ್ಟಾಗಿತ್ತು.

"ನಾಳಿ ಅಮಾಸಿ ನೋಡು, ಮನಿ ತೊಳದೆ, ಇದನ್ನೂ ತೊಳದೆ," ಎಂದಳು ಅಮೃತಮ್ಮ. "ಏನ್ ಹೊಲಸವ್ವ ಅದು! ಬೋಕಿಗೆಲ್ಲ ಕಂದು ಲೋಳಿ ಹತ್ತಿತ್ತು. ಈಗ ನೋಡು, ಊಟಾನೇ ಬಡಸಬಹುದು ಅದರಾಗ."

ಸವಿತಾ ಚೀಲ ಅಲ್ಲೇ ಬಿಟ್ಟು ಒಳಗೆ ಓಡಿದಳು. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಒಂದು ಆಗಲೇ ಪಕ್ಕಕ್ಕೆ ವಾಲಿತ್ತು.

"ಅತ್ತಿ, ಎಂಥಾ ಕೆಲಸಾ ಮಾಡಿದ್ರಿ!"

"ಯಾಕ? ಸಬಕಾರ ಹಚ್ಚಿಲ್ಲ. ಬರೇ ಕುದಿನೀರು."

"ಆ ಲೋಳ್ಯಾಗ ಕಣ್ಣಿಗೆ ಕಾಣದ ಜೀವ ಇರತಾವ್ರಿ. ಮೀನಿನ ಹೊಲಸಿನ್ಯಾಗಿನ ವಿಷಾ ತಿನ್ನೂವು ಅವೇ. ಈಗ ನೀರು ಬದಲಿ ಮಾಡಿದ್ರೂ ನಾಳಿಗಿ ಮತ್ತ ಇದೇ ಹಾಡು. ಆ ಜೀವ ಹೊಸದಾಗಿ ಹುಟ್ಟಾಕ ತಿಂಗಳ ಬೇಕು. ಅಲ್ಲೀತನಾ ಇವು ಎಲ್ಲಿ ತಡೀತಾವ?"

ಅಮೃತಮ್ಮ ತೊಟ್ಟಿಯನ್ನೂ ಸೊಸೆಯ ಮುಖವನ್ನೂ ನೋಡಿದಳು. ಮೊಸರಿನ ಗಡಿಗೆ ಕಾಯುತ್ತಲೇ ತಲೆ ಬೆಳ್ಳಗಾದವಳಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಂದ್ರ ಹೆಪ್ಪು ಅನ್ನು. ನಾ ಹೆಪ್ಪಿಗೇ ಕುದಿನೀರ ಹೊಯ್ದೆ." ಮತ್ತೆ ಅವಳೇ ಕೇಳಿದಳು: "ಹೆಪ್ಪು ಕೆಟ್ಟರ ಮಂದಿ ಮನಿಂದ ತರ್ತಾರ. ಇದರದ್ದು ಯಾರ ಮನ್ಯಾಗ ಅದ?"

ಸವಿತಾ ಗದ್ದ ಎತ್ತಿ ಎದುರು ಮನೆ ತೋರಿಸಿದಳು.

ಎದುರು ಮನೆ ಮಾನಮ್ಮನದು. ಅವಳ ಮಗ ಕಾಂತೇಶ ವರ್ಷಗಳಿಂದ ಮೀನು ಸಾಕಿದ್ದ. ಆದರೆ ಆ ಮನೆಯೊಂದಿಗೆ ಮಾತು ನಿಂತಿತ್ತು. ಹೋದ ವರ್ಷ ಬೀಗರು ಬರುವ ಹಿಂದಿನ ಸಂಜೆ ಮಾನಮ್ಮ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆಂದು ಅಮೃತಮ್ಮ ಬರಿಗೈಲಿ ಕಳಿಸಿದಳು. ಮರುದಿನ ಮಾನಮ್ಮ ಬೀಗರಿಗೆ ಮೊಸರಿಲ್ಲದೆ ಬಡಿಸಿದಳು.

"ನಾ ಹೋಗಿ ಬರ್ತೀನಿ ಬಿಡ್ರಿ," ಎಂದಳು ಸವಿತಾ.

"ಕೆಡಿಸಿದಾಕಿ ನಾ. ನಾನೇ ಹೋಗತೀನಿ. ನೀ ನೀರು ಬದಲಿ ಮಾಡು."

"ಹಂಗಾರ ಸ್ಪಂಜು ಅನ್ರಿ ಅತ್ತಿ, ಹೆಪ್ಪು ಅನಬ್ಯಾಡ್ರಿ. ಹೊತ್ತು ಮುಣಗ್ಯಾದ."

"ದೇವರಿಗೆ ಟೋಪಿ ಹಾಕಾಕ ಹೇಳ್ತಿಯೇನ? ಹೆಪ್ಪಿಗೆ ಹೆಪ್ಪೇ ಅಂತಾರ."

ಶಹಾಪುರದ ಆ ಓಣಿಯ ಅಗಲ ಒಂದು ಗಾಡಿ ಹಾಯುವಷ್ಟು. ದಾಟಲು ಅಮೃತಮ್ಮನಿಗೆ ಸುರಪುರದ ತನಕ ನಡೆದಷ್ಟು ಹೊತ್ತು ಹಿಡಿಯಿತು.

"ಏನವ್ವಾ, ದಾರಿ ತಪ್ಪಿತೇನ?" ಮಾನಮ್ಮ ಹೊಸ್ತಿಲಲ್ಲೇ ಕೂತಿದ್ದಳು.

"ಇಲ್ಲ. ಹೆಪ್ಪು ಬೇಕಾಗ್ಯಾದ. ಮೀನಿಂದು. ಕಾಂತೇಶನ ತೊಟ್ಟ್ಯಾಗಿನ ಒಂದು ಹೊಲಸು ಸ್ಪಂಜು ಕೊಟ್ಟರ ನಡೀತದ. ನಮ್ಮವು ಸಾಯಾಕತ್ತಾವ. ನಾನೇ ಕುದಿನೀರ ಹಾಕಿ ಕೆಡಿಸೇನಿ."

ಮಾನಮ್ಮ ತಿರುಗಿ ಒಳಗೆ ನೋಡಿದಳು. ದೇವರ ಮುಂದೆ ದೀಪ ಉರಿಯುತ್ತಿತ್ತು. ವರ್ಷವಿಡೀ ಕಾದದ್ದನ್ನು ಅವಸರದಲ್ಲಿ ನುಂಗಬಾರದೆಂಬಂತೆ ಅದನ್ನು ಚೆನ್ನಾಗಿ ನೋಡಿದಳು.

"ದೀಪ ಹಚ್ಚೇನಿ," ಎಂದಳು.

"ಆತು ಬಿಡು. ನಾ ಅಂದದ್ದೇ ನನಗ ಅಂದಿ. ತಪ್ಪಿಲ್ಲ." ಅಮೃತಮ್ಮ ಸೆರಗು ಸರಿಮಾಡಿಕೊಂಡು ತಿರುಗಿದಳು.

"ನಿಂದ್ರ. ಈ ಅವಸರಕ್ಕೇ ನೀ ಕುದಿನೀರ ಹೊಯ್ದದ್ದು."

ಮಾನಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ದೇವರ ಕೋಣೆಯ ಕದವನ್ನು ದೀಪದ ಸಮೇತ ಮೆಲ್ಲಗೆ ಮುಚ್ಚಿದಳು. ಪಡಸಾಲೆಯ ಬಲ್ಬು ಆರಿಸಿದಳು. ಮೀನುತೊಟ್ಟಿಯ ನೀಲಿ ಲೈಟಿನ ವಾಯರನ್ನೂ ಕಿತ್ತಳು. ಓಣಿಯಲ್ಲೆಲ್ಲ ಕರೆಂಟು ಇರುವಾಗ ಆ ಮನೆಯೊಂದೇ ಕಣಜದೊಳಗಿನಂತೆ ಕತ್ತಲಾಯಿತು.

"ಈಗ ನಮ್ಮನ್ಯಾಗ ದೀಪ ಇಲ್ಲ. ಒಳಗ ಬಾ. ಎಡವೀ, ಹೊಸ್ತಲಾ ಅದ."

ಎರಡು ಮುದಿ ಕೈಗಳು ಕತ್ತಲಲ್ಲಿ ನೀರು ತಡಕಾಡಿದವು.

"ಅದಲ್ಲ, ಅದು ಮೀನು! ಬಿಡು, ಬಿಡು!"

"ಸಿಕ್ಕಿತು, ಸಿಕ್ಕಿತು. ಥೂ, ಏನ್ ಲೋಳಿ!"

"ಹಿಂಡಬ್ಯಾಡ ಮತ್ತ."

"ನನಗೇನ ಹೇಳ್ತಿ? ಹೊಲಸಿನ ಕಿಮ್ಮತ್ತು ಇವತ್ತ ಕಲ್ತೇನಿ."

ಯಾರು ಮೊದಲು ನಕ್ಕರೋ ಕತ್ತಲಲ್ಲಿ ಕಾಣಲಿಲ್ಲ. ಅಮೃತಮ್ಮ ಸ್ಟೀಲಿನ ಬಟ್ಟಲಿಗೆ ಸೆರಗು ಮುಚ್ಚಿ, ಗುಡಿಯಿಂದ ಪ್ರಸಾದ ತರುವವಳಂತೆ ಓಣಿಗೆ ಇಳಿದಳು. ಹಿಂದಿನಿಂದ, ಕತ್ತಲೊಳಗಿಂದ, ಮಾನಮ್ಮನ ದನಿ ಬಂತು:

"ಬಟ್ಟಲ ನಮ್ಮದು. ನಾಳಿ ನೀನೇ ತಂದು ಕೊಡು. ಸೊಸಿ ಕೈಯಾಗ ಕಳಿಸಿದ್ರ ತಗೊಳಂಗಿಲ್ಲ."