ಟ್ವೀಟರಿಗೆ ಅಂಟಿಸಿದ ಚೀಟಿ

“ಸೋಲ್ಡರಿಂಗ್ ಕಡ್ಡಿ ಹಿಡಿದವರೆಲ್ಲ ಮೆಕ್ಯಾನಿಕ್ ಆಗಲ್ಲ ಕಣೋ. ಚೆನ್ನಾಗಿರೋ ಟ್ವೀಟರಿಗೆ ‘ಸುಟ್ಟಿದೆ’ ಅಂತ ಚೀಟಿ ಅಂಟಿಸಿದ್ದೀಯಲ್ಲ, ತಲೇಲಿ ಏನು ಹುಲ್ಲು ಬೆಳೆದಿದೆಯಾ?” ಎಂದು ಸೋದರಮಾವ ರಿಪೇರಿ ಅಂಗಡಿಯ ತುಂಬ ಇದ್ದ ಗಿರಾಕಿಗಳ ಎದುರಿಗೇ ಕೇಳಿದ. ಸ್ಪೀಕರನ್ನು ರಿಪೇರಿಗೆ ತಂದಿದ್ದ ಯಜಮಾನರು ಕಿಸಕ್ಕನೆ ನಕ್ಕರು.

ಕೆಲಸ ಕಲಿಯುತ್ತಿದ್ದ ಸೋದರಳಿಯನಿಗೆ ಮೈಯೆಲ್ಲ ಉರಿಯಿತು. ಆ ಹಳೇ ಸ್ಪೀಕರ್ ಪೆಟ್ಟಿಗೆಯ ಒಣಗಿದ ಕೆಪಾಸಿಟರ್‌ಗಳನ್ನು ಕಿತ್ತು ಹೊಸವನ್ನು ಬೆಸೆದವನು ಅವನೇ. ಆಮೇಲೆ ಹಾಡು ಹಾಕಿ, ತೆಳ್ಳಗಿನ ಸದ್ದು ಹೊರಡಿಸುವ ಮೇಲಿನ ಪುಟ್ಟ ಟ್ವೀಟರಿಗೆ ಕಿವಿಯಿಟ್ಟಿದ್ದ. ಅದರಿಂದ ಚೂರೂ ಸದ್ದು ಬಂದಿರಲಿಲ್ಲ. “ಅದು ಸತ್ತಿದೆ ಮಾವ. ಬೇಕಾದ್ರೆ ಸೀಟಿ ಹಾಕಿ ನೋಡು,” ಎಂದ.

ಮಾವ ಪರೀಕ್ಷೆಗೆಂದೇ ಇಟ್ಟಿದ್ದ ಸೀಟಿಯ ರೆಕಾರ್ಡಿಂಗ್ ಹಾಕಿದ. ಕೆಳಗಿನ ದೊಡ್ಡ ಸ್ಪೀಕರಿನಲ್ಲಿ ದಪ್ಪಗೆ ಶುರುವಾದ ಸದ್ದು ತೆಳ್ಳಗಾಗುತ್ತ ಮೇಲೇರಿತು, ಟ್ವೀಟರಿನ ಸರದಿ ಬಂದಿದ್ದೇ ತಡ ನಿಂತುಹೋಯಿತು. ನೋಡಿದ್ಯಾ ಎನ್ನಲು ಅವನು ಬಾಯಿ ತೆರೆದ. ಆದರೆ ಯಜಮಾನರು ಮುಖ ಕಿವುಚಿದ್ದರು. ಅವರ ಪುಟ್ಟ ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. “ಅಪ್ಪಾ, ನಿಲ್ಸೋಕೆ ಹೇಳು,” ಎಂದಳು.

ಅವನು ತಾನೇ ಕೈಚಾಚಿ ವಾಲ್ಯೂಮ್ ತಗ್ಗಿಸಿದ. ಹುಡುಗಿಯ ಕೈಗಳು ಕೆಳಗಿಳಿದವು. ಮತ್ತೆ ಏರಿಸಿದ, ಕೈಗಳು ಕಿವಿಗೆ ಹೋದವು. ಅವನ ಪಾಲಿಗೆ ಎರಡೂ ಸಲ ಬರೀ ನಿಶ್ಶಬ್ದ. ಓದು ಬಿಟ್ಟು ಬಂದವನಿಗೆ ಇದ್ದ ಬಂಡವಾಳವೆಂದರೆ ಈ ಎರಡು ಕಿವಿಗಳೇ. “ಈಗಲಾದ್ರೂ ಕೇಳಿಸ್ತೇನಪ್ಪಾ ದೊಡ್ಡ ಮೆಕ್ಯಾನಿಕ್ಕು?” ಎಂದ ಮಾವ. ಅವನು ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಬೀದಿಗಿಳಿದು ನಡೆದ.