ಶೇಕಡಾ ಹನ್ನೊಂದು

ಬನಿಯನ್ನಿನೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡಿದ್ದ ಡಬ್ಬಿ ಜಾರದಂತೆ ಒಂದು ಕೈಯಲ್ಲಿ ಹಿಡಿದು, ವಿಕ್ರಾಂತ ಕಾಗವಾಡದಿಂದ ಮಿರಜಿನತ್ತ ಬೈಕು ಓಡಿಸುತ್ತಿದ್ದ. ತಾಸಿನೊಳಗೆ ಆಸ್ಪತ್ರೆಯ ಲ್ಯಾಬಿಗೆ ಮುಟ್ಟಬೇಕು, ಮೈಶಾಖದಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ. ತಪ್ಪಿದ್ದು ಒಂದೇ. ಡಬ್ಬಿಯಲ್ಲಿದ್ದದ್ದು ಅವನದಲ್ಲ, ಕುರಿ ಕಾಯುವ ಹಾಲೇಶನದು.

ವಿಕ್ರಾಂತನಿಗೆ ಎಂಟು ಎಕರೆ ದ್ರಾಕ್ಷಿ, ಅದಕ್ಕೆ ತಕ್ಕ ಮೀಸೆ, ಏಳು ವರ್ಷದ ಸಂಸಾರ. ಮಕ್ಕಳಿಲ್ಲ. ಐವಿಎಫ್ ಎರಡು ಸಲ ಸೋತಿತ್ತು. ಎರಡೂ ಸಲ ತಾಯಿ ಕಮಲಾಬಾಯಿ ಸೊಸೆ ರೂಪಾಲಿಗೆ ಕೇಳಿಸುವಂತೆ ಹೇಳಿದ್ದಳು: "ಹೊಲಾನ ಸವಳ ಇದ್ರ ಬೀಜರ ಏನ್ ಮಾಡೀತು?"

ಡಾಕ್ಟರ್ ಮೇಘಾ ಮಾತ್ರ ಬೀಜವನ್ನೂ ನೋಡೋಣ ಎಂದರು.

"ಎಣಿಕೆ ಛಲೋ ಐತಿ, ಓಟಾನೂ ಛಲೋ ಐತಿ. ಆದ್ರ ಒಳಗಿನ ಡಿಎನ್‌ಎ ತುಂಡಾಗಿದ್ರ ಹೊರಗಿಂದ ಗೊತ್ತಾಗಂಗಿಲ್ರಿ. ಭ್ರೂಣ ಮೂರ್ನಾಲ್ಕ ದಿನ ಬೆಳೀತೈತಿ, ಆಮ್ಯಾಲ ನಿಂತ ಬಿಡ್ತೈತಿ. ಮೂರ ತಿಂಗಳ ಗುಟ್ಕಾ ಬಿಡ್ರಿ, ತೋಟಕ್ಕ ಔಷಧ ಹೊಡಿಯುವಾಗ ಮೂಗು ಬಾಯಿ ಕಟ್ಕೋರಿ. ಆಮ್ಯಾಲ ಪರೀಕ್ಷೆ ಮಾಡೂಣು."

ಮೂರು ತಿಂಗಳು! ವಿಕ್ರಾಂತ ಮೂರು ತಾಸು ಬಿಟ್ಟು ನೋಡಿದ. ತಲೆ ಗಿರ್ರೆಂದಿತು. ಗುಟ್ಕಾ ಬಿಡುವುದಕ್ಕಿಂತ ಹಾಲೇಶನನ್ನು ಹಿಡಿಯುವುದು ಸುಲಭವೆನಿಸಿತು. ಹಾಲೇಶನಿಗೆ ನಾಲ್ಕು ಮಕ್ಕಳು, ಒಂದಕ್ಕಿಂತ ಒಂದು ಗಟ್ಟಿ.

"ಇದ್ಯಾಕ್ರಿ ಮಾಲಕ್ರ?" ಡಬ್ಬಿ ತಿರುಗಿಸಿ ನೋಡುತ್ತ ಹಾಲೇಶ ಕೇಳಿದ್ದ.

"ನಿನ್ನ ತಬ್ಬೇತ ತಪಾಸಣೆಲೇ. ಈ ವರ್ಷ ನನ್ನ ಹೊಲದಾಗ ಕುರಿ ಮೇಯಿಸ್ಕೊ. ಬಾಯಿ ಮಾತ್ರ ಬಿಡಬ್ಯಾಡ."

ಹಾಲೇಶ ಬಾಯಿ ಬಿಡುವವನಲ್ಲ. ಹೆಂಡತಿ ಮನಿಷಾಳ ಮುಂದೆ ಬಿಟ್ಟರೆ ಅವನು ಮಾತಾಡುವುದೇ ಕಡಿಮೆ.

ಮೂರು ತಿಂಗಳ ಗಡುವು ಮುಗಿದ ದಿನ ಕೊಟ್ಟ ಆ ಡಬ್ಬಿಯ ರಿಪೋರ್ಟು ವಾರದೊಳಗೆ ಬಂತು. ಡಿಎನ್‌ಎ ಹಾನಿ ಬರೀ ಶೇಕಡಾ ಹನ್ನೊಂದು. "ಗುಟ್ಕಾ ಬಿಟ್ಟದ್ದು ಎಷ್ಟ ಉಪಯೋಗ ಆತು ನೋಡ್ರಿ," ಎಂದರು ಡಾಕ್ಟರ್ ಮೇಘಾ. ವಿಕ್ರಾಂತ ಬಾಯೊಳಗಿನ ಗುಟ್ಕಾವನ್ನು ದವಡೆಗೆ ಸರಿಸಿ, ತುಟಿ ತೆರೆಯದೆ ನಕ್ಕ.

ರಿಪೋರ್ಟು ಅವನ ವಾಟ್ಸಾಪಿನ ಸ್ಟೇಟಸ್ಸಾಯಿತು. ಹಾಲಿನ ಡೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಉಗಾರದ ಕಾರ್ಖಾನೆಯ ಗೇಟಿನಲ್ಲಿ ಎಲ್ಲರಿಗೂ ತೋರಿಸಿದ. "ಮೂವತ್ತ ದಾಟಬಾರ್ದಂತ. ನಂದ ಹನ್ನೊಂದ!" ಏನು ಹನ್ನೊಂದು ಎಂದು ಯಾರಿಗೂ ತಿಳಿಯಲಿಲ್ಲ. ತಪ್ಪು ಹೆಂಡತಿಯದು ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು. ಕಮಲಾಬಾಯಿ ಅಥಣಿಯ ಕಡೆ ಎರಡನೆಯ ಸಂಬಂಧ ವಿಚಾರಿಸತೊಡಗಿದಳು.

ರೂಪಾಲಿ ಕಾಗದವನ್ನು ಎರಡು ಸಲ ಓದಿದಳು.

"ಖರೇನ ನಿಮ್ದ ಏನ್ರಿ ಇದು?"

"ಮತ್ತ್ಯಾರ್ದು?"

ಅವಳು ಅಳಲಿಲ್ಲ. ಆ ವಾರವೆಲ್ಲ ಮಜ್ಜಿಗೆಗೆಂದು ಬರುತ್ತಿದ್ದ ಮನಿಷಾಳ ಜೊತೆ ಹಿತ್ತಲಲ್ಲಿ ಕೂತು ಪಿಸುಗುಟ್ಟಿದಳು. ಹೆಂಗಸರ ಹರಟೆಗೆ ಕಿವಿಗೊಡುವುದು ವಿಕ್ರಾಂತನ ಘನತೆಗೆ ತಕ್ಕದ್ದಾಗಿರಲಿಲ್ಲ.

"ಇನ್ನೊಂದ ಸಲ ನೋಡೂಣ್ರಿ," ಎಂದಳು ಕೊನೆಗೆ. "ಆಗಲಿಲ್ಲಂದ್ರ, ಅತ್ತಿಯವ್ರು ಯಾರ್ನ ತಂದ್ರೂ ನಾ ಒಂದ ಮಾತ ಆಡೂದಿಲ್ಲ."

ಆಸ್ಪತ್ರೆಯಲ್ಲಿ ಹನ್ನೆರಡು ಪುಟದ ಒಪ್ಪಿಗೆ ಪತ್ರ. ರೂಪಾಲಿ ಪ್ರತಿ ಸಾಲನ್ನೂ ಓದಿ, ಡಾಕ್ಟರನ್ನು ಏನೋ ಕೇಳಿ, ಗಂಡ ಸಹಿ ಮಾಡಬೇಕಾದ ಕಡೆಯೆಲ್ಲ ಬೆರಳಿಟ್ಟು ತೋರಿಸಿದಳು. ದ್ರಾಕ್ಷಿ ವ್ಯಾಪಾರಿಯೊಡನೆ ಫೋನಿನಲ್ಲಿ ಜಗಳಾಡುತ್ತಲೇ ವಿಕ್ರಾಂತ ಗೀಚಿದ. ಈ ಸಲ ವೀರ್ಯವನ್ನು ಆಸ್ಪತ್ರೆಯಲ್ಲೇ ಕೊಡಬೇಕಿತ್ತು. ಹಾಲೇಶನನ್ನು ಕರೆತರುವಂತಿರಲಿಲ್ಲ. ತನ್ನದನ್ನೇ ಕೊಟ್ಟ. ಊರಿಗೆಲ್ಲ ಹೇಳಿ ಹೇಳಿ, ಹನ್ನೊಂದು ತನ್ನದೇ ಎಂದು ಅಷ್ಟರಲ್ಲಿ ಅವನಿಗೂ ನಂಬಿಕೆ ಬಂದುಬಿಟ್ಟಿತ್ತು.

ಮುಂದಿನ ತಿಂಗಳು ರೂಪಾಲಿ ಬಸುರಿ.

ಸವಳು ಹೊಲದ ಮಾತಾಡಿದ್ದ ಕಮಲಾಬಾಯಿ ಸೊಸೆಯ ಬಾಯಿಗೆ ಸಕ್ಕರೆ ಹಾಕಿದಳು. ವಿಕ್ರಾಂತ ಓಣಿಗೆಲ್ಲ ಪೇಢೆ ಹಂಚಿದ. "ಗುಟ್ಕಾ ತಿಂದ್ರ ಏನ್ ಆಕ್ಕೈತಿ? ಗಂಡಸ್ತನ ರಕ್ತದಾಗ ಇರಬೇಕು!" ಹಾಲೇಶನಿಗೂ ಡಬ್ಬ ಒಡ್ಡಿದ. ಹಾಲೇಶ ತಲೆ ತಗ್ಗಿಸಿಕೊಂಡು ಎರಡು ತಿಂದ.

ಉಳಿದ ಪೇಢೆ ಡಾಕ್ಟರಿಗೆ. ಅವರೊಂದು ತೆಗೆದುಕೊಂಡು, ಇನ್ನೊಂದನ್ನು ವಿಕ್ರಾಂತನಿಗೇ ತಿನ್ನಿಸಿ, ರೂಪಾಲಿಯತ್ತ ಕೈತೋರಿದರು.

"ಶಾಬಾಸ್ಕಿ ಇವರಿಗೆ ಸಲ್ಲಬೇಕು. ಅವತ್ತ ನೀವು ಕೊಟ್ಟದ್ದು ಇರಲಿ ಅಂತ ತಗೊಂಡಿದ್ವಿ ಅಷ್ಟ, ಬಳಸಲೇ ಇಲ್ರಿ."

"ಮತ್ತ?"

"ಪರೀಕ್ಷೆಗೆ ಅಂತ ಮನಿಯಿಂದ ತಂದಿದ್ರೆಲ್ಲ, ಅದರಾಗ ಉಳಿದದ್ದು ಫ್ರೀಜ್ ಮಾಡಿ ಇಟ್ಟಿದ್ವಿ. ಹನ್ನೊಂದ ಬಂದದ್ದು, ಅದನ್ನ ಬಳಸ್ರಿ ಅಂತ ಇವರ ಹೇಳಿದ್ರು. ನೀವೂ ಸಹಿ ಮಾಡಿದ್ರಿ."

ವಿಕ್ರಾಂತನ ಬಾಯೊಳಗಿನ ಪೇಢೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ರೂಪಾಲಿ ನೀರಿನ ಲೋಟ ಹಿಡಿದು ಅವನ ಕಿವಿಯ ಹತ್ತಿರ ಬಾಗಿದಳು.

"ಮನಿಷಾ ನಂಗ ಯಾವಾಗೋ ಹೇಳ್ಯಾಳ್ರಿ. ಊರಿಗೆಲ್ಲಾ ನಂದ ನಂದ ಅಂತ ತೋರ್ಸೀರಿ, ಈಗ ನಂದಲ್ಲ ಅಂತ ಯಾರ ಮುಂದ ಹೇಳ್ತೀರಿ?"